ಮೂರಕ್ಕೆ ಸಿಕ್ಕಿಸಿದ್ದು, ನಾಲ್ಕಕ್ಕೆ ನೇತುಹಾಕಿದ್ದು

ಮಾರ್ಚ್ 4, ಮಂಗಳವಾರ

ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ನಿನ್ನೆಯಿಂದ ಅದು ಎಷ್ಟು ಏರಿದೆಯೆಂದರೆ ಇವತ್ತು ಬೆಳಿಗ್ಗೆ ಹಾಲಿನ ಪಾತ್ರೆ ಕುಕ್ಕಿದ ರಭಸಕ್ಕೆ ಅರ್ಧ ಹಾಲು ಒಲೆಯ ಪಾಲಾಯಿತು. ಕೂಗಾಡೋಣವೆಂದರೆ ಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಇವರು ಬಸ್ಸಿನ ಡ್ಯೂಟಿಗೆ ರಜೆ ಹಾಕಿ ಆಸ್ಪತ್ರೆಯಲ್ಲಿ ತಂಗಿಯ ಮಂಚದ ಪಕ್ಕ ಕೂತಿದ್ದಾರೆ. ಅದಕ್ಕೇ ಈ ನೋಟ್‌ಬುಕ್. ಪ್ಯಾನೆಲ್ ಟೆಸ್ಟಿನ ರೀಡಿಂಗ್ ಬರೆದುಕೊಳ್ಳಲು ತಂದಿದ್ದೆ. ಇನ್ನು ಬೈಗುಳ ಬರೆದುಕೊಳ್ಳುತ್ತೇನೆ.

ನಡೆದದ್ದು ಇಷ್ಟು. ನಮ್ಮದು ರಟ್ಟಿನ ಡಬ್ಬ ಮಾಡುವ ಕಾರ್ಖಾನೆ. ಸಾಲಾಗಿ ಐದು ಮಿಷನ್. ನಾನು ಎಲೆಕ್ಟ್ರಿಷಿಯನ್, ನನ್ನ ನಾದಿನಿ ನಾಲ್ಕನೇ ಮಿಷನ್ನಿನ ಆಪರೇಟರ್. ರೋಲರಿನ ಬಾಯಲ್ಲಿ ರಟ್ಟಿನ ಚೂರು ಸಿಕ್ಕಿಕೊಂಡಿತು. ಮಿಷನ್ ನಿಲ್ಲಿಸಿ ತೆಗೆಯಬೇಕು, ಅದು ನಿಯಮ. ಮಹಾರಾಣಿ ಓಡುವ ಮಿಷನ್ನಿಗೇ ಕೈ ಹಾಕಿದಳು. ಬಲಗೈ ಒಳಕ್ಕೆ ಹೋಯಿತು. ಕಿರುಬೆರಳು, ಉಂಗುರದ ಬೆರಳು, ಎರಡೂ ಹೋದವು.

ಎಡಗೈ ಖಾಲಿಯಿತ್ತಲ್ಲ! ಅದರಲ್ಲಿ ಪೆಂಡೆಂಟ್ ಎಳೆದುಕೊಂಡು ಕೆಂಪು ಗುಂಡಿ ಒತ್ತಿದ್ದಾಳೆ. ಪೆಂಡೆಂಟ್ ಎಂದರೆ ಕೈಯಲ್ಲಿ ಹಿಡಿದು ಮಿಷನ್ ನಡೆಸುವ ಪೆಟ್ಟಿಗೆ. ಟಿವಿ ರಿಮೋಟಿನ ನಾಲ್ಕರಷ್ಟು ದಪ್ಪ, ಒಂದು ಸಣ್ಣ ಪರದೆ, ತುದಿಯಲ್ಲಿ ಎಲ್ಲವನ್ನೂ ತಟ್ಟನೆ ನಿಲ್ಲಿಸುವ ಕೆಂಪು ಗುಂಡಿ, ಹಿಂದೆ ಉದ್ದನೆಯ ಕೇಬಲ್. ಕೇಬಲ್ಲನ್ನು ಯಾವ ಮಿಷನ್ನಿನ ಸಾಕೆಟ್ಟಿಗೆ ಸಿಕ್ಕಿಸಿದೆಯೋ ಆ ಮಿಷನ್ ಮಾತ್ರ ಅದರ ಮಾತು ಕೇಳುತ್ತದೆ. ನಿನ್ನೆ ಅದನ್ನು ಮೂರಕ್ಕೆ ಸಿಕ್ಕಿಸಿದ್ದರು. ಹಾಗಾಗಿ ಮೂರು ನಿಂತಿತು. ನಾಲ್ಕು ಓಡುತ್ತಲೇ ಇತ್ತು.

ಮೂರರ ತಲೆಯ ಮೇಲಿನ ದೀಪ ಮಿನುಗತೊಡಗಿತು. ಎಲ್ಲರೂ ಮೂರರ ಕಡೆ ಓಡಿದೆವು. ನಾನೂ ಓಡಿದೆ. ಮೂರರ ಪ್ಯಾನೆಲ್ ಬಾಗಿಲು ತೆಗೆದು ಒಳಗೆ ತಲೆ ತೂರಿಸಿ ಫ್ಯೂಸ್ ನೋಡುತ್ತಿದ್ದೆ. ನನ್ನ ಬೆನ್ನ ಹಿಂದೆ ನಾಲ್ಕೇ ಹೆಜ್ಜೆಗೆ ಅವಳಿದ್ದಳು. ಎಲ್ಲರ ಕಿವಿಯಲ್ಲೂ ಇಯರ್‌ಪ್ಲಗ್. ಕೊನೆಗೆ ಮೂರರ ಆಪರೇಟರ್, ನಾವೆಲ್ಲ ತಾತ ಎಂದು ಕರೆಯುವ ಹಳಬ, ಯಾಕೋ ತಿರುಗಿ ನೋಡಿ, ಓಡಿಹೋಗಿ ನಾಲ್ಕರ ಪ್ಯಾನೆಲ್ ಮೇಲಿನ ಗುಂಡಿ ಗುದ್ದಿದ.

ಕೇಬಲ್ ಎಲ್ಲಿಗೆ ಹೋಗಿದೆ ಎಂದು ಒಂದು ಸಲ ನೋಡಬಾರದೇ? ಸಾವಿರ ಸಲ ಹೇಳಿದ್ದೇನೆ. ಇವಳಿಗೆ ಕೆಲಸ ಕೊಡಿಸಲು ಮ್ಯಾನೇಜರ್ ಮುಂದೆ ಹಲ್ಲು ಗಿಂಜಿದವಳು ನಾನು. ಇವಳು ಗಂಡನನ್ನು ಬಿಟ್ಟು ಒಂದು ಸೂಟ್‌ಕೇಸ್ ಹಿಡಿದು ಅಣ್ಣನ ಮನೆಗೆ ಬಂದು ಆರು ವರ್ಷವಾಯಿತು. ಒಳಕೋಣೆ ಹೋಯಿತು, ನನ್ನ ಕನ್ನಡಿ ಹೋಯಿತು, ಈಗ ಮಾನವೂ ಹೋಯಿತು.

ಮಾರ್ಚ್ 5, ಬುಧವಾರ

ಹೆಲ್ಮೆಟ್ ಇವತ್ತು ನನ್ನನ್ನು ಕರೆಸಿದ. ಸುರಕ್ಷತಾ ಅಧಿಕಾರಿ ಅವನು. ಕ್ಯಾಂಟೀನಿನಲ್ಲಿ ಟೀ ಕುಡಿಯುವಾಗಲೂ ಹೆಲ್ಮೆಟ್ ತೆಗೆಯುವುದಿಲ್ಲ. ತಲೆ ಬೋಳು ಎಂದು ಕೆಲವರು, ಒಳಗೆ ಏನೂ ಇಲ್ಲ ಎಂದು ಕೆಲವರು.

ಪೆಂಡೆಂಟ್ ಪರೀಕ್ಷೆ ಮಾಡಿಸಿದ. ಸರಿಯಾಗಿದೆ. ಸಾಕೆಟ್ ಸರಿಯಾಗಿದೆ. ನಾಲ್ಕರ ಪ್ಯಾನೆಲ್ ಮೇಲಿನ ಗುಂಡಿಯೂ ಸರಿಯಾಗಿದೆ. ನಾನು ಜೋಡಿಸಿದ್ದು ಸರಿಯಾಗಿರದೆ ಇನ್ನೇನು? ಮೂರು ತಿಂಗಳ ಹಿಂದೆ ಆ ಪೆಂಡೆಂಟ್‌ಗಳು ಬಂದಾಗ ಪ್ರತಿಯೊಂದು ತಂತಿಯನ್ನೂ ಎರಡೆರಡು ಸಲ ನೋಡಿ ಕೂರಿಸಿದ್ದೇನೆ.

ಇಪ್ಪತ್ನಾಲ್ಕನೇ ತಾರೀಖು ವಿಚಾರಣಾ ಸಮಿತಿ ಕೂರುತ್ತದಂತೆ. ಅದಕ್ಕೆ ನನ್ನ ಹೇಳಿಕೆ ಬೇಕು. ಟೈಪ್ ಮಾಡಿಯೇ ಇಟ್ಟಿದ್ದ. 'ಉಪಕರಣಗಳೆಲ್ಲ ಸುಸ್ಥಿತಿಯಲ್ಲಿದ್ದವು. ಆಪರೇಟರ್ ತನ್ನ ಮಿಷನ್ನಿನ ತುರ್ತು ಗುಂಡಿಯನ್ನು ಬಳಸದೆ ಇದ್ದುದೇ ಅವಘಡಕ್ಕೆ ಕಾರಣ.'

"ಸಂಬಂಧಿಕರು ಅಂತ ನಿಮಗೆ ಕಷ್ಟ ಆಗ್ಬಹುದು," ಎಂದ.

"ನಂಗೇನ್ ಕಷ್ಟ? ಇರೋದನ್ನ ಇದ್ದಂಗೆ ಹೇಳ್ತೀನಿ."

"ಇದಾದ್ಮೇಲೆ ಅವರಿಗೆ ಇಲ್ಲಿ ಕೆಲಸ ಇರಲ್ಲ. ಗೊತ್ತಲ್ವಾ?"

ಗೊತ್ತು ಎಂದೆ. ಸೈನ್ ಹಾಕುತ್ತಿದ್ದೆ, ಪೆನ್ನಿನಲ್ಲಿ ಇಂಕ್ ಇರಲಿಲ್ಲ. ಅವನ ಪೆನ್ನು ಬೇಡವೆಂದು ಬಂದೆ. ಸಮಿತಿಯ ಮುಂದೆಯೇ ಹಾಕಿದರಾಯಿತು.

ಮಾರ್ಚ್ 8, ಶನಿವಾರ

ಮನೆಗೆ ಕರೆತಂದರು. ಕೈ ಒಂದು ಬಿಳಿ ಗಂಟು. ಬಾಗಿಲಲ್ಲಿ ನಿಂತು, "ಅತ್ತಿಗೆ, ಚಪ್ಪಲಿ ಬಕಲ್ ಬಿಚ್ಚಕ್ಕೆ ಆಗ್ತಿಲ್ಲ," ಎಂದಳು. ಬಗ್ಗಿ ಬಿಚ್ಚಿದೆ. ಬಿಚ್ಚುತ್ತಾ ಬೈದೆ. ಬಕಲ್ ಇರುವ ಚಪ್ಪಲಿ ಹಾಕಿಕೊಂಡು ಆಸ್ಪತ್ರೆಯಿಂದ ಯಾರಾದರೂ ಬರುತ್ತಾರೆಯೇ?

ಊಟಕ್ಕೆ ಕೂತಾಗ ಎಡಗೈಯಲ್ಲಿ ಚಮಚ ಹಿಡಿದು ಅರ್ಧ ತನ್ನ ಮೇಲೆ, ಅರ್ಧ ನೆಲದ ಮೇಲೆ. ಇವರು, "ಪುಟ್ಟಿ, ನಾನು ತಿನ್ನಿಸ್ಲಾ?" ಎಂದು ಶುರು ಮಾಡಿದರು. ಮೂವತ್ತೆಂಟು ವರ್ಷದ ಪುಟ್ಟಿ! ನನಗೆ ಮೈಯೆಲ್ಲ ಉರಿಯಿತು.

"ಮಿಷನ್ ನಿಲ್ಲಿಸಿ ಕೈ ಹಾಕ್ಬೇಕು ಅನ್ನೋದು ಎಳೆ ಮಗೂಗೂ ಗೊತ್ತು," ಎಂದೆ.

"ನಿಲ್ಲಿಸಿದ್ರೆ ಮತ್ತೆ ಸೆಟ್ಟಿಂಗ್ ಮಾಡಕ್ಕೆ ಹತ್ತು ನಿಮಿಷ ಬೇಕು ಅತ್ತಿಗೆ. ಯಾರೂ ನಿಲ್ಲಿಸಲ್ಲ. ನಿಮಗೂ ಗೊತ್ತು."

"ನಂಗೆ ಗೊತ್ತಿಲ್ಲ."

"ಏನೇ, ಇವತ್ತೊಂದು ದಿನ ಸುಮ್ನಿರ್ಬಾರ್ದಾ?" ಎಂದರು ಇವರು. ದಿನಕ್ಕೆ ಐನೂರು ಜನರ ಬೈಗುಳ ಕೇಳಿಕೊಂಡು ಬಸ್ ಓಡಿಸುವ ಮನುಷ್ಯ ನನ್ನ ಎರಡು ಮಾತು ಕೇಳಲಾರರು.

ನಾನು ತಟ್ಟೆ ಎತ್ತಿಕೊಂಡು ಅಡುಗೆಮನೆಯಲ್ಲಿ ನಿಂತೇ ಉಂಡೆ.

ಮಾರ್ಚ್ 11, ಮಂಗಳವಾರ

ತಲೆ ಬಾಚಿಕೊಳ್ಳಲೂ ಬರುವುದಿಲ್ಲ. ಮೂರು ದಿನ ಹಾಗೇ ಬಿಟ್ಟು ಗುಡಿಸುವ ಪೊರಕೆಯಂತಾಗಿತ್ತು. ನೋಡಲಾರದೆ ಬಾಚಿ ಜಡೆ ಹಾಕಿದೆ. ಸಿಕ್ಕು ಬಿಡಿಸುವಾಗ ಒಂದು ಸಲವೂ 'ಅಯ್ಯೋ' ಎನ್ನಲಿಲ್ಲ. ಅದಕ್ಕೂ ಸಿಟ್ಟು ಬಂತು.

ಮಾರ್ಚ್ 12, ಬುಧವಾರ

ನಾಲ್ಕನ್ನು ಮತ್ತೆ ಓಡಿಸುತ್ತಿದ್ದಾರೆ. ಹೊಸಬನೊಬ್ಬನನ್ನು ನಿಲ್ಲಿಸಿದ್ದಾರೆ. ಟೀ ಬಿಡುವಿನಲ್ಲಿ ಮಿಷನ್ ನಿಂತಿದ್ದಾಗ ಹೋಗಿ ನಾದಿನಿ ನಿಲ್ಲುವ ಜಾಗದಲ್ಲಿ ನಿಂತೆ. ಎಷ್ಟು ದೂರಕ್ಕೆ ಗುಂಡಿಯಿತ್ತು, ಈ ಹೆಂಗಸಿಗೆ ಏನು ಧಾಡಿಯಾಗಿತ್ತು, ನೋಡಿಯೇ ಬಿಡೋಣ ಎಂದು.

ಬಲಗೈಯನ್ನು ರೋಲರಿನ ಬಾಯಿಯ ಹತ್ತಿರ ಇಟ್ಟೆ. ಅಲ್ಲಿಂದ ಕದಲಬಾರದು ಎಂದುಕೊಂಡೆ. ಎಡಗೈ ಚಾಚಿದೆ. ಪ್ಯಾನೆಲ್ ಮೇಲಿನ ಗುಂಡಿ ಸಿಗಲಿಲ್ಲ. ಭುಜ ಕಳಚುವಷ್ಟು ಚಾಚಿದರೂ ಇನ್ನೊಂದು ಮೊಳ ಬೇಕು. ನಾನು ಅವಳಿಗಿಂತ ಗೇಣುದ್ದ ಎತ್ತರ ಇದ್ದೇನೆ.

ಕೈಗೆ ಸಿಕ್ಕಿದ್ದು ಒಂದೇ. ಮೂರು ಮತ್ತು ನಾಲ್ಕರ ನಡುವಿನ ಕಂಬದ ಹುಕ್ಕಿಗೆ ನೇತುಹಾಕಿದ ಪೆಂಡೆಂಟ್. ಬೆರಳ ತುದಿಗೆ ತಾನಾಗಿ ಬಂದು ಸೇರುತ್ತದೆ.

ತಾತ ಲೋಟ ಹಿಡಿದು ನೋಡುತ್ತಿದ್ದ. "ಅದನ್ನೇ ಒತ್ತುತ್ತಾ ಇದ್ಲಮ್ಮ," ಎಂದ. "ಒತ್ತೋದು, ಗುಂಡಿ ಮೇಲೆ ಬರ್ಲಿ ಅಂತ ತಿರುಗಿಸೋದು, ಮತ್ತೆ ಒತ್ತೋದು. ಒಂದು ಕೂಗು ಕೂಗಿದ್ರೆ ಬೇಗ ನೋಡ್ತಿದ್ದೆ. ಕೂಗ್ಲೇ ಇಲ್ಲ. ನಾನು ನನ್ ಮಿಷನ್ ಯಾಕಪ್ಪಾ ನಿಂತ್ಕೊಳ್ತು ಅಂತ ಬೈಕೊಂಡು ಕೂತಿದ್ದೆ. ಥೂ, ನನ್ ಜನ್ಮಕ್ಕಿಷ್ಟು."

ಐದು ಮಿಷನ್ನಿಗೆ ಐದು ಪೆಂಡೆಂಟ್ ಬೇಕಿತ್ತು. ಮೂರು ತರಿಸಿದರು. ಎಲ್ಲಿ ಬೇಕೋ ಅಲ್ಲಿಗೆ ಸಿಕ್ಕಿಸಿಕೊಂಡು ಬಳಸಿ ಎಂದರು. ಪೆಂಡೆಂಟ್ ಇಲ್ಲದ ಸಾಕೆಟ್ಟಿಗೆ ಒಂದು ಡಮ್ಮಿ ಪ್ಲಗ್ ಹಾಕಬೇಕು, ಇಲ್ಲವಾದರೆ ಮಿಷನ್ ಚಾಲೂ ಆಗುವುದೇ ಇಲ್ಲ. ಡಮ್ಮಿ ಹಾಕಿದರೆ ಮಿಷನ್ ತನಗೂ ಪೆಂಡೆಂಟ್ ಇದೆ ಎಂದುಕೊಂಡು ನೆಮ್ಮದಿಯಾಗಿ ಓಡುತ್ತದೆ. ಅವತ್ತು ನಾಲ್ಕಕ್ಕೆ ಡಮ್ಮಿ ಇತ್ತು.

ಹುಕ್ ಹೊಡೆದದ್ದು ಯಾರೆಂದು ತಾತನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಕೇಬಲ್ ನೆಲದಲ್ಲಿ ಬಿದ್ದು ಟ್ರಾಲಿ ಅದರ ಮೇಲೆ ಮೂರು ಸಲ ಹತ್ತಿತ್ತು. ಕೇಬಲ್ ಬದಲಾಯಿಸಿ ಬದಲಾಯಿಸಿ ಸಾಕಾಗಿತ್ತು. ಕಂಬದ ಮೂರರ ಕಡೆ ಗಾಳಿಯ ಪೈಪ್ ಇದೆ, ಡ್ರಿಲ್ ಇಡಲು ಜಾಗವಿಲ್ಲ. ಅದಕ್ಕೇ ನಾಲ್ಕರ ಕಡೆ ಹೊಡೆದದ್ದು. ಗಟ್ಟಿಯಾಗಿ ಕೂತಿತ್ತು. ಚೆನ್ನಾಗಿತ್ತು. ಎಲ್ಲರೂ ಹೊಗಳಿದರು.

ತಲೆ ನೋಯುತ್ತಿದೆ. ಸಾಕು.

ಮಾರ್ಚ್ 13, ಗುರುವಾರ

ಪೆಂಡೆಂಟ್ ಜೊತೆ ಬಂದ ಕೈಪಿಡಿಯನ್ನು ಡ್ರಾಯರಿನಿಂದ ಹುಡುಕಿ ತೆಗೆದೆ. ನಲವತ್ತೊಂದನೇ ಪುಟ: 'ಮಿಷನ್ನಿಗೆ ಜೋಡಿಸದ ಪೆಂಡೆಂಟಿನ ಕೆಂಪು ಗುಂಡಿ ಆ ಮಿಷನ್ನಿನ ಬಳಿ ಕೆಲಸ ಮಾಡುವವರ ಕಣ್ಣಿಗೂ ಕೈಗೂ ಸಿಗದಂತೆ ನೋಡಿಕೊಳ್ಳಬೇಕು. ಸಿಕ್ಕರೆ ಆಪತ್ತಿನಲ್ಲಿ ಅದನ್ನೇ ಒತ್ತುವ ಸಂಭವವಿದೆ.'

ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಇದೆ. ಗೆರೆ ನನ್ನದೇ. ಪಕ್ಕದಲ್ಲಿ ಒಂದು ಟಿಕ್ ಕೂಡ ಹಾಕಿದ್ದೇನೆ.

ಓದಿದ್ದೆ. ಗೆರೆ ಎಳೆದಿದ್ದೆ. ಆಮೇಲೆ ಹೋಗಿ ಹುಕ್ ಹೊಡೆದೆ. ಎಂಥ ಕತ್ತೆ ನಾನು.

ಮಾರ್ಚ್ 15, ಶನಿವಾರ

ಇವತ್ತು ಮಧ್ಯಾಹ್ನ ಪುಟ್ಟಿಗೆ ತಲೆಗೆ ನೀರು ಹಾಕಿದೆ. ಬಲಗೈಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಸ್ಟೂಲಿನ ಮೇಲೆ ಕೂರಿಸಿ. ಬೆನ್ನು ನನ್ನ ಕಡೆ ಇತ್ತು. ಮುಖ ನೋಡಿಕೊಂಡು ಕೇಳಲಾಗದ್ದನ್ನು ಬೆನ್ನಿಗೆ ಕೇಳಬಹುದು.

"ಹೆಲ್ಮೆಟ್ ಆಸ್ಪತ್ರೆಗೆ ಬಂದಿದ್ನಂತೆ. ಏನ್ ಕೇಳ್ದ?"

"ಯಾವ ಗುಂಡಿ ಒತ್ತಿದ್ರಿ ಅಂದ. ಜ್ಞಾಪಕ ಇಲ್ಲ ಅಂದೆ."

"ಯಾಕೆ? ಇತ್ತಲ್ಲ ಜ್ಞಾಪಕ?"

ತಲೆ ಇನ್ನಷ್ಟು ಬಗ್ಗಿಸಿದಳು. ಸೋಪು ಕಣ್ಣಿಗೆ ಹೋಗಿರಬೇಕು ಎಂದುಕೊಂಡು ನೀರು ಸುರಿದೆ.

"ಪೆಂಡೆಂಟ್ ಅಂದ್ರೆ, ಅದು ಅಲ್ಲಿ ಯಾಕಿತ್ತು ಅಂತ ಕೇಳ್ತಾನೆ ಅತ್ತಿಗೆ. ಹುಕ್ ಯಾರು ಹೊಡೆದ್ರು ಅಂತ ಕೇಳ್ತಾನೆ."

ಚೊಂಬು ನನ್ನ ಕೈಯಲ್ಲೇ ಉಳಿಯಿತು. ಗೊತ್ತಿದೆ ಇವಳಿಗೆ. ಆಸ್ಪತ್ರೆಯ ಮಂಚದ ಮೇಲೆ ಬೆರಳು ಕಳೆದುಕೊಂಡು ಮಲಗಿದ್ದಾಗಲೇ ಎಲ್ಲ ಗೊತ್ತಿದೆ! ನಾನು ಬಾಯಿಗೆ ಬಂದಂತೆ ಬೈಯುವಾಗಲೂ ಗೊತ್ತಿತ್ತು!

"ನಿನ್ನ ಯಾರು ಕೇಳಿದ್ರು ಈ ಉಪಕಾರಾನ?" ಎಂದು ಕೂಗಿದೆ. "ನನ್ನ ಉಳಿಸು ಅಂತ ನಿನ್ನ ಕಾಲು ಹಿಡಿದಿದ್ನಾ?"

"ಉಪಕಾರ ಅಲ್ಲ, ಏನೂ ಅಲ್ಲ. ನಾನಂತೂ ಕೆಲಸ ಕಳ್ಕೋತೀನಿ. ನೀವೂ ಕಳ್ಕೊಂಡ್ರೆ ಅಣ್ಣ ಒಬ್ಬನೇ ಏನ್ ಮಾಡ್ತಾನೆ? ತಲೆ ಒರೆಸಿ, ಚಳಿ ಆಗ್ತಿದೆ."

ಒರೆಸಿದೆ. ಜೋರಾಗಿಯೇ ಒರೆಸಿದೆ. ನನ್ನ ಕೋಪ ಒಂದು ಚೂರೂ ಇಳಿದಿಲ್ಲ, ಅದನ್ನು ಇಲ್ಲಿ ಬರೆದಿಡುತ್ತೇನೆ.

ಮಾರ್ಚ್ 16, ಭಾನುವಾರ

ಬಕಲ್ ಇಲ್ಲದ ಚಪ್ಪಲಿಗಾಗಿ ನಾಲ್ಕು ಅಂಗಡಿ ತಿರುಗಿದೆ. ಎಲ್ಲದಕ್ಕೂ ಬಕಲ್. ಈ ಚಪ್ಪಲಿ ಮಾಡುವವರಿಗೆ ಬುದ್ಧಿಯಿಲ್ಲ.

ಮಾರ್ಚ್ 18, ಮಂಗಳವಾರ

ಮ್ಯಾನೇಜರ್ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಹುಕ್ ನಾನು ಹೊಡೆದದ್ದು, ತಪ್ಪು ಕಡೆಗೆ ಹೊಡೆದದ್ದು. ಐದಕ್ಕೆ ಮೂರು ತರಿಸಿದ್ದು ನೀವು. ಅವಳು ಗುಂಡಿ ಬಳಸಿದ್ದಾಳೆ, ಕೈಗೆ ಸಿಕ್ಕ ಒಂದೇ ಗುಂಡಿ ಅದು. ಹೇಳಿಕೆಯಲ್ಲಿ ಇದನ್ನು ಬರೆಯಬೇಕು.

ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ನನಗೂ ಸುಲಭವಿತ್ತು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡಿದರು.

"ಕೂತ್ಕೊಳ್ಳಿ ಮೇಡಂ. ನಿಮಗೆಷ್ಟು ವರ್ಷ ಸರ್ವೀಸು?"

"ಹತ್ತೊಂಬತ್ತು."

"ಒಂದೇ ಒಂದು ರಿಮಾರ್ಕ್ ಇಲ್ಲ. ಒಂದು ಹುಕ್ಕಿಗೋಸ್ಕರ ಹತ್ತೊಂಬತ್ತು ವರ್ಷನ ಗಾಳಿಗೆ ತೂರ್ತೀರಾ? ನಿಮ್ಮ ನಾದಿನಿ ಓಡೋ ಮಿಷನ್ನಿಗೆ ಕೈ ಹಾಕಿದ್ದು ಸುಳ್ಳಾ?"

"ಸುಳ್ಳಲ್ಲ."

"ಮತ್ತೆ? ಮನೆಗೆ ಹೋಗಿ ತಣ್ಣಗೆ ಯೋಚನೆ ಮಾಡಿ."

ತಣ್ಣಗೆ! ನನ್ನ ಜಾತಕದಲ್ಲೇ ಇಲ್ಲದ್ದು.

ಮಾರ್ಚ್ 19, ಬುಧವಾರ

ಹುಕ್ ಇಲ್ಲ.

ಬೆಳಿಗ್ಗೆ ಬಂದು ನೋಡುತ್ತೇನೆ, ಕಂಬ ನುಣ್ಣಗಿದೆ. ತೂತಕ್ಕೆ ಮೆತ್ತಿ, ಕಂಬಕ್ಕೆ ಬುಡದಿಂದ ಎದೆ ಎತ್ತರದವರೆಗೆ ಹಳದಿ ಬಣ್ಣ ಹೊಡೆದಿದ್ದಾರೆ. ಒಂದು ಕಂಬಕ್ಕೆ ಮಾತ್ರ ಹೊಡೆದರೆ ಎದ್ದು ಕಾಣುತ್ತದೆಂದು ಆರಕ್ಕೂ ಹೊಡೆದಿದ್ದಾರೆ. ಬಣ್ಣಕ್ಕೆ ಎರಡು ವರ್ಷದಿಂದ ಕೇಳುತ್ತಿದ್ದೆವು, ಡಬ್ಬ ಖಾಲಿ ಎನ್ನುತ್ತಿದ್ದರು.

ಪೆಂಡೆಂಟ್ ಮೂರರ ಪ್ಯಾನೆಲ್ಲಿನ ಒಳಗೆ ಬೀಗ ಹಾಕಿ ಕೂತಿದೆ. ಈಗ ಎಲ್ಲ ನಲವತ್ತೊಂದನೇ ಪುಟದಂತೆಯೇ ಇದೆ. ಕಣ್ಣಿಗೆ ಮಣ್ಣೆರಚುವುದನ್ನೂ ಎಷ್ಟು ಅಚ್ಚುಕಟ್ಟಾಗಿ ಮಾಡುತ್ತಾರೆ!

ಹೆಲ್ಮೆಟ್ ಎದುರಿಗೆ ಸಿಕ್ಕ. "ಎಲ್ಲಿ ಹುಕ್ಕು?" ಎಂದೆ. "ಯಾವ ಹುಕ್ಕು?" ಎಂದ. ಅವನ ಹೆಲ್ಮೆಟ್ ಅಂಚಿನಲ್ಲಿ ಹಳದಿ ಚುಕ್ಕೆ ಇತ್ತು. ಅದನ್ನು ತೋರಿಸಿದೆ. ಒರೆಸಿಕೊಳ್ಳುತ್ತಾ ಹೋದ.

ಮಾರ್ಚ್ 21, ಶುಕ್ರವಾರ

ಹೇಳಿಕೆಯನ್ನು ಕೈಯಾರೆ ಬರೆಯಲು ಕೂತೆ. ನಾಲ್ಕು ಸಲ ಬರೆದು ಹರಿದೆ. ಬೈಗುಳ ಬೇಡವೆಂದರೂ ನುಸುಳುತ್ತದೆ. ಐದನೆಯದು ಮುಗಿಯಿತು ಎನ್ನುವಾಗ ಪುಟ್ಟಿ ಬಂದು ಹೆಗಲ ಮೇಲಿಂದ ಓದಿದಳು.

"ಇದನ್ನ ಕೊಡ್ಬೇಡಿ."

"ನಿನ್ನ ಕೇಳಿಲ್ಲ."

"ಹುಕ್ಕೇ ಇಲ್ಲ ಅಂದ್ರಲ್ಲ ನೀವು. ಯಾರು ನಂಬ್ತಾರೆ? ನಿಮ್ಮ ಕೆಲಸ ಹೋಗತ್ತೆ, ನಂದು ಉಳಿಯಲ್ಲ. ಸುಮ್ನೆ ಅವರು ಕೊಟ್ಟಿದ್ದಕ್ಕೆ ಸೈನ್ ಹಾಕಿ ಬನ್ನಿ. ನಂಗೆ ಬೇರೆ ಕಡೆ ಕೆಲಸ ಸಿಗಲ್ವಾ?"

"ಮೂರು ಬೆರಳಿಗಾ?"

ಬಾಯಿಂದ ಹೊರಬಿದ್ದ ಮೇಲೆ ಗೊತ್ತಾಯಿತು ಏನು ಹೇಳಿದೆ ಎಂದು. ಇವಳು ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು! ಹೊಟ್ಟೆ ಹಿಡಿದುಕೊಂಡು, ಬ್ಯಾಂಡೇಜ್ ಕೈಯನ್ನು ಮೇಲೆತ್ತಿ ಹಿಡಿದು ನಕ್ಕಳು.

"ಎಂಟು ಇದಾವೆ ಅತ್ತಿಗೆ. ಎಡಗೈಯೂ ಸೇರಿಸಿ ಎಣಿಸಿ."

ನನಗೂ ನಗು ಬಂತು. ದರಿದ್ರ ನಗು. ಬಸ್ ಡ್ಯೂಟಿ ಮುಗಿಸಿ ಬಂದ ಇವರು ಬಾಗಿಲಲ್ಲಿ ನಿಂತು, ಮನೆ ತಪ್ಪಿ ಬಂದೆನೇನೋ ಎನ್ನುವಂತೆ ಇಬ್ಬರನ್ನೂ ನೋಡಿದರು.

ನಗು ನಿಂತ ಮೇಲೆ ಅವಳು ಹೇಳಿಕೆಯನ್ನು ಎಡಗೈಯಲ್ಲಿ ಮುದ್ದೆ ಮಾಡಿ ಕಿಟಕಿಯಾಚೆ ಎಸೆದಳು. ಆರನೇ ಸಲ ಬರೆಯುತ್ತಿದ್ದೇನೆ. ಬಾಗಿಲು ಹಾಕಿಕೊಂಡು.

ಮಾರ್ಚ್ 24, ಸೋಮವಾರ

ಸಮಿತಿಯಲ್ಲಿ ಮೂವರು. ಮ್ಯಾನೇಜರ್, ಹೆಲ್ಮೆಟ್, ಮತ್ತೆ ಹೊರಗಿನಿಂದ ಬಂದ ಒಬ್ಬ ಕಾರ್ಮಿಕ ಅಧಿಕಾರಿ. ಆಕೆ ಸಣ್ಣ ಆಳು, ದೊಡ್ಡ ಕನ್ನಡಕ. ನೀರಿನ ಲೋಟ ಕೂಡ ಮುಟ್ಟದೆ ಎಲ್ಲ ಕಾಗದ ಓದುತ್ತಿದ್ದರು.

ಟೈಪ್ ಮಾಡಿದ್ದನ್ನು ನನ್ನ ಮುಂದೆ ತಳ್ಳಿದರು. ನಾನು ನನ್ನದನ್ನು ಕೊಟ್ಟೆ. ಮ್ಯಾನೇಜರ್ ಓದಿ, "ಇದರಲ್ಲಿ ಹುಕ್ ಅಂತಿದ್ದೀರಿ. ಅಂಥಾದ್ದು ಅಲ್ಲಿ ಯಾವುದೂ ಇಲ್ವಲ್ಲ," ಎಂದು ಅದೇ ಬೆಣ್ಣೆ ದನಿಯಲ್ಲಿ ಹೇಳಿದರು.

ನಾನು ಎದ್ದುನಿಂತೆ. "ಮಿಷನ್ ಹತ್ರ ಹೋಗೋಣ. ಎರಡು ನಿಮಿಷ ಸಾಕು," ಎಂದೆ. ಮ್ಯಾನೇಜರ್ ಬೇಡವೆನ್ನುವಷ್ಟರಲ್ಲಿ ಕನ್ನಡಕದ ಅಧಿಕಾರಿ ಎದ್ದಾಗಿತ್ತು.

ಬೀಗ ತೆಗೆದು ಪೆಂಡೆಂಟನ್ನು ಮೂರಕ್ಕೇ ಸಿಕ್ಕಿಸಿ, ಮೂರು, ನಾಲ್ಕು ಎರಡನ್ನೂ ರಟ್ಟು ಹಾಕದೆ ಖಾಲಿ ಓಡಿಸಿದೆ. ಹೊಸ ಬಣ್ಣದ ಕಂಬಕ್ಕೆ ಒಂದು ಕೇಬಲ್ ಟೈ ಬಿಗಿದು ಪೆಂಡೆಂಟನ್ನು ನೇತುಹಾಕಿದೆ. ಹೆಲ್ಮೆಟ್ಟನ್ನು ಕರೆದು ನಾಲ್ಕರ ಮುಂದೆ ನಿಲ್ಲಿಸಿದೆ. ರೋಲರಿನಿಂದ ಒಂದು ಗೇಣು ದೂರಕ್ಕೆ, ಮಿಷನ್ನಿನ ಮೇಜಿನ ಮೇಲೆ ಅವನ ಬಲಗೈ ಊರಿಸಿದೆ.

"ಈ ಕೈ ಒಳಗೆ ಸಿಕ್ಕಿಕೊಂಡಿದೆ ಅಂದ್ಕೊಳ್ಳಿ ಸಾರ್. ಎತ್ತಂಗಿಲ್ಲ. ಈಗ ಮಿಷನ್ ನಿಲ್ಸಿ."

ಅವನು ಮೊದಲು ಪ್ಯಾನೆಲ್ ಕಡೆ ಕೈ ಚಾಚಿದ. ಸಿಗಲಿಲ್ಲ. ತಕ್ಷಣ ಎಡಗೈ ತಾನಾಗಿ ಪೆಂಡೆಂಟಿಗೆ ಹೋಯಿತು. ಸುರಕ್ಷತಾ ಅಧಿಕಾರಿ! ಮೂರು ವಾರದಿಂದ ಇದನ್ನೇ ಓದಿ ಬರೆದು ಮಾಡಿದವನು! ಕೆಂಪು ಗುಂಡಿ ಗುದ್ದಿದ. ಪಕ್ಕದಲ್ಲಿ ಮೂರು ಉಸಿರು ಬಿಟ್ಟು ನಿಂತಿತು. ದೀಪ ಮಿನುಗಿತು. ಅವನ ಮುಂದೆ ನಾಲ್ಕು ಓಡುತ್ತಲೇ ಇತ್ತು. ಇನ್ನೊಂದು ಸಲ ಗುದ್ದಿದ. ಮುಖ ಬಿಳಿಚಿಕೊಂಡಿತು. ಊರಿದ್ದ ಬಲಗೈ ಎತ್ತಿಕೊಂಡು ಹಿಂದಕ್ಕೆ ಹಾರಿದ.

"ಕೈ ಎತ್ತಂಗಿಲ್ಲ ಅಂದಿದ್ದೆ," ಎಂದೆ.

ನಾನೇ ಹೋಗಿ ನಾಲ್ಕನ್ನು ನಿಲ್ಲಿಸಿದೆ.

ಕನ್ನಡಕದ ಅಧಿಕಾರಿ ಕಂಬವನ್ನು ಉಗುರಿನಿಂದ ಕೆರೆದು ನೋಡಿದರು. "ಇಲ್ಲಿ ಹುಕ್ ಇತ್ತಾ?" ಎಂದರು. ಯಾರನ್ನು ಕೇಳಿದರೋ ಗೊತ್ತಿಲ್ಲ. ತಾತ ಮಿಷನ್ನಿನ ಆಚೆಯಿಂದ, "ಇತ್ತು. ಹದಿನೆಂಟನೇ ತಾರೀಖು ಸಾಯಂಕಾಲ ನಾನು ಮನೆಗೆ ಹೋಗೋವರೆಗೂ ಇತ್ತು," ಎಂದ. ಅವನ ನಿವೃತ್ತಿಗೆ ಇನ್ನು ಏಳು ತಿಂಗಳಿದೆ.

"ಯಾರು ಹಾಕಿದ್ದು?"

"ನಾನು," ಎಂದೆ. "ಹಾಕ್ಬಾರ್ದು ಅಂತ ಓದಿಯೂ ಇದ್ದೆ." ಕೈಪಿಡಿಯ ನಲವತ್ತೊಂದನೇ ಪುಟ ತೆಗೆದು ಅವರ ಕೈಗಿಟ್ಟೆ. ಪೆನ್ಸಿಲ್ ಗೆರೆಯನ್ನು ಅವರು ಬಹಳ ಹೊತ್ತು ನೋಡಿದರು.

ಮಾರ್ಚ್ 26, ಬುಧವಾರ

ಕಾಗದ ಬಂತು. ಎರಡು ಕಾಗದ, ಒಂದೇ ಪೋಸ್ಟಿನಲ್ಲಿ.

ಪುಟ್ಟಿಯದು: 'ಆಪರೇಟರ್ ತಪ್ಪು' ಎಂಬ ಮಾತನ್ನು ಕೈಬಿಡಲಾಗಿದೆ. ಕೈ ವಾಸಿಯಾದ ಮೇಲೆ ತಪಾಸಣೆ ವಿಭಾಗದಲ್ಲಿ ಕೆಲಸ. ನನ್ನದು: ಮುಂದಿನ ಆದೇಶದವರೆಗೆ ಅಮಾನತು. ಮೂರು ಪೆಂಡೆಂಟ್ ತರಿಸಿದವರಿಗೆ ಏನಾಯಿತು ಎಂಬುದು ಯಾವ ಕಾಗದದಲ್ಲೂ ಇಲ್ಲ. ಬಣ್ಣ ಹೊಡೆಸಿದವರಿಗೆ ಏನಾಯಿತು ಎಂಬುದೂ ಇಲ್ಲ. ಇನ್ನೆರಡು ಪೆಂಡೆಂಟ್ ತರಿಸುತ್ತಾರಂತೆ. ಹೆಲ್ಮೆಟ್ ಎಂದಿನಂತೆ ಟೀ ಕುಡಿಯುತ್ತಿದ್ದಾನೆ ಎಂದು ತಾತ ಫೋನಿನಲ್ಲಿ ಹೇಳಿದ. ಕನ್ನಡಕದವರ ವರದಿ ಇನ್ನೂ ಬರಬೇಕು, ನಾನು ಬಿಡುವವಳಲ್ಲ. ಒಬ್ಬೊಬ್ಬರ ಹೆಸರನ್ನೂ ಬರೆದು ಕಳಿಸುತ್ತೇನೆ.

ಪುಟ್ಟಿ ಕಾಗದ ಓದಿದವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅಣ್ಣನ ಮೂಲಕ ಹೇಳಿ ಕಳಿಸುತ್ತಾಳೆ. "ಉಪ್ಪು ಬೇಕಂತೆ," ಎನ್ನುತ್ತಾರೆ ಇವರು, ಅವಳು ನನ್ನೆದುರಿಗೇ ಕೂತಿರುವಾಗ. "ಎದ್ದು ತಗೊಳ್ಳಕ್ಕೆ ಹೇಳಿ," ಎನ್ನುತ್ತೇನೆ. ತಂದುಕೊಡುತ್ತೇನೆ.

ಮಾರ್ಚ್ 28, ಶುಕ್ರವಾರ

ಇವತ್ತಿನಿಂದ ಮನೆಯಲ್ಲೇ ಡ್ರೆಸ್ಸಿಂಗ್ ಮಾಡಬಹುದು ಎಂದಿದ್ದಾರೆ. ಇವರಿಗೆ ರಕ್ತ ಕಂಡರೆ ತಲೆ ತಿರುಗುತ್ತದೆ. ಹಾಗಾಗಿ ಅವಳು ಬೇರೆ ದಾರಿಯಿಲ್ಲದೆ ಬಂದು ಕೈ ಚಾಚಿ ನನ್ನ ಮುಂದೆ ಕೂತಳು. ಬೆಳಗಿನ ಬಿಸಿಲು ಮೇಜಿನ ಮೇಲಿತ್ತು. ಹಳೆ ಬಟ್ಟೆ ಬಿಚ್ಚಿದೆ. ಮೊದಲ ಸಲ ಸರಿಯಾಗಿ ನೋಡಿದೆ.

ಏನಾದರೂ ಮಾತಾಡಬೇಕಿತ್ತು. ಸಮಿತಿಯ ದಿನದ್ದನ್ನು ಹೇಳಿದೆ. ಹೆಲ್ಮೆಟ್ ಹೇಗೆ ಎರಡು ಸಲ ಒತ್ತಿ, ಮಿಷನ್ ನಿಲ್ಲದ್ದು ನೋಡಿ, ಕೈ ಎತ್ತಿಕೊಂಡು ಕಪ್ಪೆಯಂತೆ ಹಾರಿದ ಎಂದು. ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ.

"ಎರಡೇ ಸಲನಾ?" ಎಂದಳು. ಎರಡು ದಿನದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು.

"ಹೂಂ. ನೀನ್ಯಾಕೆ ಅಷ್ಟು ಹೊತ್ತು ಅದನ್ನೇ ಒತ್ತುತ್ತಾ ಇದ್ದೆ? ಕೂಗ್ಬಾರ್ದಿತ್ತಾ? ನಾನು ಅಲ್ಲೇ ಇದ್ದೆ. ನಾಲ್ಕು ಹೆಜ್ಜೆ."

ನನ್ನ ದನಿ ಏರಿತ್ತು. ಬೈಯುತ್ತಿದ್ದೇನೆ ಎಂದುಕೊಂಡಿರಬೇಕು. ತಲೆ ತಗ್ಗಿಸಿ, ತಪ್ಪೊಪ್ಪಿಕೊಳ್ಳುವವಳ ಹಾಗೆ ಹೇಳಿದಳು.

"ನೀವು ಜೋಡಿಸಿದ್ದಲ್ವಾ ಅತ್ತಿಗೆ ಅದು. ಕೆಲಸ ಮಾಡದೆ ಇರತ್ತೆ ಅಂತ ತಲೇಗೇ ಬರ್ಲಿಲ್ಲ. ನಾನೇ ಸರಿಯಾಗಿ ಒತ್ತುತ್ತಿಲ್ಲ ಅಂದ್ಕೊಂಡೆ."

ಬ್ಯಾಂಡೇಜು ಎರಡು ಸುತ್ತು ಬಂದಿತ್ತು. ಮೂರನೆಯದಕ್ಕೆ ನನ್ನ ಕೈ ಏಳಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಸುರುಳಿಯನ್ನು ನನ್ನ ಬೆರಳುಗಳಿಂದ ಬಿಡಿಸಿಕೊಂಡು, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಎಡಗೈಯಲ್ಲಿ ತಾನೇ ಸುತ್ತಿಕೊಳ್ಳತೊಡಗಿದಳು.